ಚಳಿಗಾಲದಲ್ಲಿ ಹಿಮಸಾರಂಗಕ್ಕೆ ಮೇವು ಹಾಕಬೇಕೆ?

ಪರ

ಹಿಮಸಾರಂಗ ಬೆದೆಗೆ ಬರುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ. ಏಳೂವರೆ ತಿಂಗಳ ಗಬ್ಬ ಕಳೆದು ಮೇ ತಿಂಗಳಲ್ಲಿ ಈಯುತ್ತದೆ. ಬಸಿರಿನ ಬಹುಪಾಲು ಹಿಮದಡಿಯ ಕಲ್ಲುಹೂವಿನ (ಲೈಕನ್) ಮೇಲೆಯೇ ಸಾಗಬೇಕು. ಸಡಿಲ ಹಿಮವನ್ನು ಗೊರಸಿನಿಂದ ಕೆದರಿ ಅದು ಮೇಯಬಲ್ಲದು. ಆದರೆ ಹಿಮದ ಮೇಲೆ ಮಳೆ ಸುರಿದು ಗಡ್ಡೆಕಟ್ಟಿದರೆ ಗೊರಸು ಇಳಿಯುವುದೇ ಇಲ್ಲ. 2013ರ ನವೆಂಬರಿನಲ್ಲಿ ರಷ್ಯಾದ ಯಮಾಲ್‌ನಲ್ಲಿ ಆದದ್ದು ಇದೇ: ಆ ಚಳಿಗಾಲದಲ್ಲಿ ಸುಮಾರು 61,000 ಸಾಕು ಹಿಮಸಾರಂಗಗಳು ಹಸಿದು ಸತ್ತವು.

ಬದುಕುಳಿದ ಹೆಣ್ಣು ಬಡಕಲಾದರೆ ಮರಿಯ ತೂಕ ಕಡಿಮೆ, ಹಾಲೂ ಸಾಲದು. ಮುಂದಿನ ಬೆದೆಯಲ್ಲಿ ಗಬ್ಬ ಕಟ್ಟುವುದೂ ಅನುಮಾನ. ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿ ಹಾಕುವ ಪ್ರಾಣಿ ಇದು, ಒಂದು ಕೆಟ್ಟ ಚಳಿಗಾಲ ಎರಡು ಸೂಲಿನ ಮರಿಗಳನ್ನು ನುಂಗೀತು.

ಮೇವನ್ನು ಸೊರಗುವ ಮೊದಲೇ ಶುರುಮಾಡಬೇಕು. ಮೊದಲು ಕಲ್ಲುಹೂವು, ಜೊತೆಗೆ ಒಂದು ಹಿಡಿ ಪೆಲೆಟ್, ಅಂದರೆ ಗುಳಿಗೆ ಮೇವು. ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸಿ, ದೊಡ್ಡ ಪ್ರಾಣಿಗೆ ದಿನಕ್ಕೆ ಸುಮಾರು ಎರಡು ಕಿಲೋಗೆ ನಿಲ್ಲಿಸಬಹುದು. ತೊಟ್ಟಿಗಳು ದೂರದೂರ ಇರಲಿ. ಗಬ್ಬದ ಹೆಣ್ಣಿಗೆ ಆಗಲೂ ಕೊಂಬಿರುತ್ತದೆ, ಕೊಂಬು ಉದುರಿದ ದೊಡ್ಡ ಗಂಡುಗಳನ್ನೂ ಅದು ತಿವಿದು ಅಟ್ಟುತ್ತದೆ. ಮೂಲೆಗೆ ಬೀಳುವುದು ಹಿಂದಿನ ಬೇಸಿಗೆಯ ಅನಾಥ ಮರಿ.

ವಿರೋಧ

‘ಸೊರಗುವ ಮೊದಲೇ’ ಎನ್ನುವುದು ಹೇಳಲು ಸುಲಭ. ನಿಜದಲ್ಲಿ ಮೇವು ಬರುವುದು ಹಿಂಡು ಬಳಲಿದ ಮೇಲೆ. ಅಷ್ಟರಲ್ಲಿ ರೂಮೆನ್ ಎಂಬ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಕುಗ್ಗಿರುತ್ತವೆ. ಪಿಷ್ಟ ಹೆಚ್ಚಾದರೆ ಹೊಟ್ಟೆ ಹುಳಿಯಾಗಿ ಭೇದಿ. ಒರಟು ಒಣಹುಲ್ಲು ಕೊಟ್ಟರೆ ಜೀರ್ಣವಾಗದೆ ಅಲ್ಲೇ ಕೂರುತ್ತದೆ. ಸತ್ತದ್ದನ್ನು ಸೀಳಿ ನೋಡಿದರೆ ಹೊಟ್ಟೆ ತುಂಬ ಹುಲ್ಲು, ಮೈಯಲ್ಲಿ ಕೊಬ್ಬಿಲ್ಲ!

ಇನ್ನು ದೊಡ್ಡಿ. ಕೆಸರು, ಸಗಣಿ, ಮೂತಿಗೆ ಮೂತಿ. ಕಣ್ಣುರೋಗ ಹಬ್ಬುವುದು ಇಲ್ಲೇ: ಮೊದಲು ನೀರು ಸೋರಿ ಕೆನ್ನೆಯ ಕೂದಲು ತೊಯ್ಯುತ್ತದೆ, ರೆಪ್ಪೆ ಊದುತ್ತದೆ, ಆಮೇಲೆ ಕಣ್ಣಗುಡ್ಡೆ ನೀಲಿ ಮಬ್ಬಾಗುತ್ತದೆ. ಹೆಚ್ಚು ಪೆಟ್ಟು ಮರಿಗಳಿಗೆ. ಒರಟು ಮೇವು ಬಾಯಿ ಗೀರಿದರೆ ಕೊಳೆಹುಣ್ಣು. 2016ರಲ್ಲಿ ನಾರ್ವೆಯ ನೂರ್‌ಫ್ಯೆಲ್ಲಾದ ಕಾಡು ಹಿಂಡಿನಲ್ಲಿ ಮಿದುಳು ಕೆಡಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ ಸಿಕ್ಕಿತು. ಹಿಂಡನ್ನೇ, ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು, ಕೊಲ್ಲಬೇಕಾಯಿತು. ಈ ರೋಗ ತರುವ ವಿಕಾರ ಪ್ರೋಟೀನುಗಳಾದ ಪ್ರಿಯಾನ್‌ಗಳು ಜೊಲ್ಲು, ಸಗಣಿಯಲ್ಲಿ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಎಲ್ಲವೂ ಒಂದೇ ಕಡೆ ನೆಕ್ಕುವಂತೆ ಮಾಡುವುದು ಜಾಣತನವಲ್ಲ.

ನನ್ನ ದೊಡ್ಡ ತಕರಾರು ಬೇರೆ: ಮೇವು ಹುಲ್ಲುಗಾವಲಿನ ಸಾಲವನ್ನು ಮುಚ್ಚಿಡುತ್ತದೆ. ಕಲ್ಲುಹೂವು ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಅಲಾಸ್ಕದ ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ ಯಾರೂ ಮೇವು ಹಾಕಿರಲಿಲ್ಲ, ನಿಜ. 1944ರಲ್ಲಿ ಬಿಟ್ಟ 29 ಪ್ರಾಣಿಗಳು 1963ಕ್ಕೆ ಸುಮಾರು 6,000 ಆಗಿ, 1966ಕ್ಕೆ 42ಕ್ಕೆ ಇಳಿದವು. ಉಳಿದ ಒಂದೇ ಗಂಡೂ ಸಂತಾನಕ್ಕೆ ಬಾರದ್ದು. ಕಲ್ಲುಹೂವು ತೀರಿದ್ದು ಅಲ್ಲಿ ಕಣ್ಣಿಗೆ ಕಂಡಿತು, ತೊಟ್ಟಿಯ ಮುಂದೆ ಅದೂ ಕಾಣದು. ಚಳಿಗೆ ಮೊದಲೇ ಮರಿಗಳನ್ನು ತೂಗಿ ಹಗುರವಾದವನ್ನು ಮಾಂಸಕ್ಕೆ ತೆಗೆಯಿರಿ, ಗಬ್ಬದ ಹೆಣ್ಣುಗಳಿಗೆ ಕಲ್ಲುಹೂವು ಉಳಿಯುತ್ತದೆ.