ಎಡಗಡೆ ಮಾನಿಟರ್ ಬಲಕ್ಕೆ ಹೋಗಿ ಕೂತಿತ್ತು

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ಮೌಸ್ ಎಡಕ್ಕೆ ತಳ್ಳಿದೆ. ಅಂಚಿಗೆ ಬಂದು ಗೋಡೆಗೆ ಗುದ್ದಿದ ಹಾಗೆ ನಿಂತಿತು. ಬಲಕ್ಕೆ ತಳ್ಳಿದರೆ ಎಡಗಡೆ ಮಾನಿಟರಿನಲ್ಲಿ ಬಾಣ ಪ್ರತ್ಯಕ್ಷ! ಆ ಮಾನಿಟರನ್ನು ನಾನು ಉದ್ದುದ್ದ ನಿಲ್ಲಿಸಿಟ್ಟಿದ್ದೇನೆ. ಅದರಲ್ಲಿ ಅಕ್ಷರಗಳೆಲ್ಲ ಅಡ್ಡ ಮಲಗಿದ್ದವು. ಹಿಂದಿನ ದಿನವಷ್ಟೇ ಎಲ್ಲ ಸರಿ ಮಾಡಿಟ್ಟಿದ್ದೆ.

ಇದನ್ನು ಯಾರ ಹತ್ತಿರ ಹೇಳಿಕೊಂಡರೂ ಒಂದೇ ಉತ್ತರ. "ಹಳೇ ಡಬ್ಬಾ ಕಣೋ, ಹೊಸದು ತಗೋ." ನಾನು ಒಪ್ಪಲ್ಲ. ಎರಡು ಪರದೆ ತೋರಿಸುವುದು ಹತ್ತು ವರ್ಷದ ಕಂಪ್ಯೂಟರಿಗೂ ಭಾರದ ಕೆಲಸವಲ್ಲ. ಅದಕ್ಕೆ ಶಕ್ತಿ ಸಾಲದೆ ಹೀಗಾಗುತ್ತಿಲ್ಲ, ಗುರುತು ಸಿಗದೆ ಆಗುತ್ತಿದೆ.

ಪ್ರತಿ ಮಾನಿಟರಿನೊಳಗೂ ಒಂದು ಗುರುತಿನ ಚೀಟಿ ಇರುತ್ತದೆ. ಇಡಿಐಡಿ ಅಂತಾರೆ. ಅದರ ಮೂಲ ಭಾಗ ಬರೀ 128 ಬೈಟ್. ಯಾವ ಕಂಪನಿ, ಯಾವ ಮಾದರಿ, ಯಾವ ರೆಸಲ್ಯೂಶನ್ ಆಗಿಬರುತ್ತೆ, ಎಲ್ಲ ಅದರಲ್ಲೇ. ಕಂಪ್ಯೂಟರ್ ಅದನ್ನು ಕೇಬಲ್ ಮೂಲಕ ಓದಿಕೊಳ್ಳುತ್ತದೆ. ಯಾವ್ಯಾವ ಮಾನಿಟರ್ ಜೊತೆಗಿದ್ದಾಗ ಯಾವುದು ಎಲ್ಲಿತ್ತು ಅನ್ನುವುದನ್ನು ವಿಂಡೋಸ್ ರಿಜಿಸ್ಟ್ರಿ ಅನ್ನುವ ತನ್ನ ಸೆಟ್ಟಿಂಗ್ ಪುಸ್ತಕದಲ್ಲಿ ಬರೆದಿಡುತ್ತದೆ. ಚೀಟಿ ಓದಲು ಆಗದಿದ್ದರೆ ಅದರ ಲೆಕ್ಕದಲ್ಲಿ ಬಂದಿರುವುದು ಯಾರೋ ಹೊಸಬರು. ಹೊಸಬರಿಗೆ ಹಳೇ ಜಾಗ ಯಾಕೆ ಕೊಡುತ್ತೆ?

ನನ್ನ ಎಡ ಮಾನಿಟರಿಗೆ ಇರುವುದು ನೀಲಿ ತಲೆಯ ವಿಜಿಎ ಕೇಬಲ್. ಅದರಲ್ಲಿ ಚಿತ್ರ ಹೋಗುವ ಪಿನ್‌ಗಳೇ ಬೇರೆ. ಗುರುತು ಹೋಗುವುದು 12 ಮತ್ತು 15ನೇ ಪಿನ್‌ಗಳಲ್ಲಿ. ಹಾಗಾಗಿ ಕೇಬಲ್ ಸ್ವಲ್ಪ ವಾಲಿದರೂ ಚಿತ್ರ ಚೆನ್ನಾಗೇ ಬರುತ್ತಿರಬಹುದು, ಚೀಟಿ ಮಾತ್ರ ತಲುಪಿರಲ್ಲ. ಮೇಜಿನ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಎರಡು ಸ್ಕ್ರೂಗಳಲ್ಲಿ ಒಂದನ್ನು ತಿರುಗಿಸಿಯೇ ಇರಲಿಲ್ಲ. ಹಾಕಿದ್ದು ನಾನೇ. "ಆಮೇಲೆ ಮಾಡಿದರಾಯಿತು" ಅಂತ ಬಿಟ್ಟಿದ್ದು ಈಗ ನೆನಪಾಯಿತು. ಒಂದು ಬಗೆಯ ಪೋರ್ಟನ್ನು ಇನ್ನೊಂದಕ್ಕೆ ಕೂಡಿಸುವ ಕಡಿಮೆ ಬೆಲೆಯ ಕನ್ವರ್ಟರ್‌ಗಳಲ್ಲೂ ಇದೇ ಗೋಳು. ಕೆಲವು ಈ ಚೀಟಿಯನ್ನು ಸರಿಯಾಗಿ ದಾಟಿಸುವುದೇ ಇಲ್ಲ. ಪರದೆ 1024 x 768ಕ್ಕೆ ಇಳಿದು ಅಕ್ಷರ ದಪ್ಪದಪ್ಪ ಕಂಡರೆ ಮೊದಲು ಅದನ್ನೇ ಅನುಮಾನಿಸಿ.

ವಿಜಿಎ ಬದಲು ಡಿಸ್‌ಪ್ಲೇಪೋರ್ಟ್ ಅನ್ನುವ ಹೊಸ ಬಗೆಯ ಕೇಬಲ್ ಇದ್ದವರ ಕಥೆ ಬೇರೆ. ಮಾನಿಟರಿನ ಬಟನ್ ಒತ್ತಿ ಆಫ್ ಮಾಡಿದರೆ ಕೆಲವು ಮಾನಿಟರ್‌ಗಳಲ್ಲಿ ಕೇಬಲ್ಲೇ ಕಿತ್ತ ಹಾಗೆ. ತೆರೆದಿಟ್ಟ ಕಿಟಕಿಗಳೆಲ್ಲ ಪಕ್ಕದ ಪರದೆಗೆ ಓಡಿ ಒಂದರ ಮೇಲೊಂದು ಬೀಳುತ್ತವೆ. ವಿಂಡೋಸ್ 11ರಲ್ಲಿ ಅವನ್ನು ಮತ್ತೆ ತಂತಮ್ಮ ಜಾಗಕ್ಕೆ ತರುವ ಆಯ್ಕೆ ಇದೆ. ಆದರೆ ಹಳೇ ಕಂಪ್ಯೂಟರ್ ಎಷ್ಟೋ ವಿಂಡೋಸ್ 11ಕ್ಕೆ ಅರ್ಹವೇ ಅಲ್ಲ. ಸುಮ್ನೆ ಬಟನ್ ಮುಟ್ಟದೆ ಇರುವುದು ವಾಸಿ. ಮಾನಿಟರಿನ ಮೆನುವಿನಲ್ಲಿ ಡೀಪ್ ಸ್ಲೀಪ್ ಅಂತ ಇದ್ದರೆ ಅದನ್ನೂ ಆಫ್ ಮಾಡಿ.

ವಿಂಡೋಸ್ ಬೇಗ ಶುರುವಾಗಲಿ ಅಂತ ಇರುವ ಫಾಸ್ಟ್ ಸ್ಟಾರ್ಟಪ್ ಬಗ್ಗೆಯೂ ಒಂದು ಮಾತು. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ಕಂಪ್ಯೂಟರ್ ಪೂರ್ತಿ ಮಲಗಲ್ಲ. ಡ್ರೈವರ್‌ಗಳ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳ) ಸ್ಥಿತಿಯನ್ನೂ ಸೇರಿಸಿ ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ನಿನ್ನೆಯ ಗೊಂದಲ ಇವತ್ತಿಗೂ ಉಳಿಯುವುದು ಹಾಗೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಸರಿಹೋಗುತ್ತಿದ್ದರೆ ಇದನ್ನು ಆಫ್ ಮಾಡಿ ನೋಡಿ.

ಗ್ರಾಫಿಕ್ಸ್ ಡ್ರೈವರ್ ವಿಚಾರದಲ್ಲಿ ನಾನು ಹಳೇ ಕಾಲದವನು. ಸೆಕ್ಯುರಿಟಿ ಅಪ್‌ಡೇಟ್ ಬಿಡಬಾರದು, ಸರಿ. ಆದರೆ ಚೆನ್ನಾಗಿ ನಡೆಯುತ್ತಿರುವ ಡ್ರೈವರನ್ನು ಹೊಸದು ಬಂತು ಅಂತ ಬದಲಿಸುವುದು ಇರುವೆ ಬಿಟ್ಟುಕೊಂಡ ಹಾಗೆ. ಸರಿ ಇರುವ ಡ್ರೈವರಿನ ಇನ್‌ಸ್ಟಾಲರನ್ನು ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೇನೆ.

ಲಿನಕ್ಸ್ ಬಳಸುವವರನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು. ಎಕ್ಸ್11 ಅನ್ನುವ ಹಳೇ ಪರದೆ ವ್ಯವಸ್ಥೆ ಇರುವ ಲಿನಕ್ಸ್‌ನಲ್ಲಿ xrandr ಅಂತ ಒಂದು ಕಮಾಂಡ್. ಯಾವ ಪೋರ್ಟಿನದು ಎಡಕ್ಕೆ, ಯಾವುದು ತಿರುಗಬೇಕು ಅಂತ ಒಂದೇ ಸಾಲು ಬರೆದು ಲಾಗಿನ್ ಆದಾಗ ಓಡುವ ಹಾಗೆ ಇಟ್ಟರೆ ಆಯಿತು. ದಿನಾ ಬೆಳಿಗ್ಗೆ ಹೇಳಿಬಿಡುವುದು, ನೆನಪಿಟ್ಟುಕೊಳ್ಳುವ ಗೊಡವೆಯೇ ಇಲ್ಲ.

ಸ್ಕ್ರೂ ಬಿಗಿ ಮಾಡಿ ಮೂರು ವಾರ ಆಯಿತು. ಎಡಗಡೆಯದು ಎಡಗಡೆಯೇ ಇದೆ. ಎರಡೂ ಕೇಬಲ್ಲಿಗೆ "ಎಡ", "ಬಲ", "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದೇನೆ. ಅಲ್ಲಿ ಕೈಹಾಕುವವನು ನಾನೊಬ್ಬನೇ.