ಬಾಕಿ ಕಂದಾಯ ಕಟ್ಟಿದ್ರೆ ಸೈಟ್ ನಿಮ್ದಾಗಲ್ಲ

ಓನರ್ ತೀರ್ಕೊಂಡು ವರ್ಷಗಟ್ಲೆ ಕಂದಾಯ ಬಾಕಿ ಇರೋ ಸೈಟಿಗೆ ನೀವೇ ದುಡ್ಡು ಕಟ್ಟಿಬಿಟ್ರೆ ಸೈಟ್ ನಿಮ್ದೇ ಅಂತ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ. ಸುಳ್ಳು ಕಣ್ರೀ. ಕಟ್ಟಿದ ರಸೀದಿ ತೆಗ್ದು ನೋಡಿ, ಅದ್ರಲ್ಲಿ ಪ್ರಿಂಟ್ ಆಗಿರೋದು ಸತ್ತೋರ ಹೆಸ್ರೇ! ರಸೀದಿ ಬಿಡಿ, ಬರೀ ಖಾತೆ, ಅಂದ್ರೆ ಕಂದಾಯ ದಾಖಲೆಲಿರೋ ಹೆಸ್ರು, ಬದಲಾದ್ರೂ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟೇ ಎಷ್ಟೋ ಸಲ ಹೇಳಿದೆ. ಹಿಂದೂ ಗಂಡಸು ವಿಲ್ ಬರೀದೆ ಹೋದ್ರೆ 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವ್ರ ಸ್ವಂತ ಆಸ್ತಿ ಹೆಂಡ್ತಿ, ಮಕ್ಳು, ತಾಯಿ ಎಲ್ರಿಗೂ ಹೋಗತ್ತೆ, ಮದ್ವೆಯಾಗಿ ಹೋದ ಹೆಣ್ಮಕ್ಳೂ ಸೇರಿ, ಇದನ್ನ ಮರ್ತೇ ಜನ ಸಿಕ್ಕಾಕೊಳ್ಳೋದು. ಸೈಟ್ ಬೇಕೇ ಬೇಕಂದ್ರೆ ವಂಶವೃಕ್ಷ, ಇಸಿ (ಆಸ್ತಿ ಮೇಲೆ ರಿಜಿಸ್ಟರ್ ಆಗಿರೋ ಮಾರಾಟ, ಸಾಲ ತೋರ್ಸೋ ಪತ್ರ) ನೋಡಿ, ಮೊದ್ಲು ವಾರಸುದಾರರ ಹೆಸ್ರಿಗೆ ಪೌತಿ ಖಾತೆ (ಓನರ್ ಸತ್ಮೇಲೆ ಮಾಡೋ ಖಾತೆ ಬದಲಾವಣೆ) ಆಗ್ಲಿ, ಆಮೇಲೆ ಅವ್ರೆಲ್ಲಾ ಸಹಿ ಹಾಕಿದ ಕ್ರಯಪತ್ರ ರಿಜಿಸ್ಟರ್ ಮಾಡಿಸ್ಕೊಳ್ಳಿ, ಬಾಕಿನ ರೇಟಲ್ಲಿ ಮುರ್ಕೊಳ್ಳಿ.