ಗುರುವಂದನೆಯ ಪೆಂಡಾಲು, ರಾತ್ರಿ ಶಾಲೆಯ ಲೆಕ್ಕದ ಪುಸ್ತಕ

ನಮ್ಮೂರಿನ ಹೈಸ್ಕೂಲಿನಿಂದ 1994ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಹೊರಬಿದ್ದ ನಮ್ಮ ಬ್ಯಾಚಿನವರು ಈ ವರ್ಷ ಗುರುವಂದನೆ ಇಟ್ಟುಕೊಂಡಿದ್ದಾರೆ. ಆಮಂತ್ರಣ ಪತ್ರಿಕೆಯ ಕರಡು ಮೊಬೈಲಿಗೆ ಬಂದಾಗ ಎಲ್ಲರಂತೆ ನಾನೂ ಮೊದಲು ನನ್ನ ಹೆಸರನ್ನೇ ಹುಡುಕಿದೆ. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಕೊನೆಯ ಪುಟದಲ್ಲಿ ‘ದಾನಿಗಳು’ ಎಂಬಲ್ಲಿ, ಶಾಮಿಯಾನ ಕೊಟ್ಟವರಿಗೂ ಧ್ವನಿವರ್ಧಕ ಕೊಟ್ಟವರಿಗೂ ನಡುವೆ, ನನ್ನ ಹೆಸರು, ಅದರ ಪಕ್ಕದಲ್ಲಿ ಮುಂಬಯಿ, ಅದರ ಮುಂದೆ ಇಪ್ಪತ್ತೈದು ಸಾವಿರ ರೂಪಾಯಿ ಎಂದು ಅಚ್ಚಾಗಿತ್ತು. ಆ ಮೊತ್ತವನ್ನು ನನ್ನನ್ನು ಕೇಳದೆಯೇ ನಿಗದಿ ಮಾಡಲಾಗಿತ್ತು. ಫೋನ್ ಮಾಡಿದರೆ ಗೆಳೆಯ ನಕ್ಕು, “ಹೊರಗ ಇರೋರ ಹೆಸರೆಲ್ಲಾ ಅಲ್ಲೇ ಹಾಕೀವಿ ದೋಸ್ತ. ನಿನಗ ಸ್ಟೇಜ್ ಮ್ಯಾಲ ಕುರ್ಚಿ ಐತಿ, ಚಿಂತಿ ಮಾಡಬ್ಯಾಡ” ಎಂದ. ನಾನು ಕೇಳಿದ್ದು ಕುರ್ಚಿಯ ಮಾತಲ್ಲ ಎಂಬುದು ಅವನಿಗೆ ಕಡೆಗೂ ತಿಳಿಯಲಿಲ್ಲ.

ಗುರುವಂದನೆಗಳು ಈಗ ನಮ್ಮ ಕಡೆ ಹೇಗೆ ನಡೆಯುತ್ತವೆ ಎಂಬುದು ಓದುಗರಿಗೆ ಗೊತ್ತೇ ಇದೆ. ಬೆಳಿಗ್ಗೆ ಪೂರ್ಣಕುಂಭ, ಡೊಳ್ಳು, ಹೂವಿನಿಂದ ಸಿಂಗರಿಸಿದ ಟ್ರ್ಯಾಕ್ಟರಿನಲ್ಲಿ ನಿವೃತ್ತ ಗುರುಗಳ ಮೆರವಣಿಗೆ, ಆಮೇಲೆ ಶಾಲು, ಪೇಟ, ಸ್ಮರಣಿಕೆ. ನಮ್ಮದು ಹಾವೇರಿ ಸೀಮೆಯಾದ್ದರಿಂದ (ನಾವು ಪರೀಕ್ಷೆ ಬರೆದಾಗ ಅದಿನ್ನೂ ಧಾರವಾಡ ಜಿಲ್ಲೆಯೇ ಆಗಿತ್ತು, ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ) ಏಲಕ್ಕಿ ಹಾರವಿಲ್ಲದೆ ಯಾವ ಸನ್ಮಾನವೂ ಪೂರ್ತಿಯಾಗುವುದಿಲ್ಲ. ಪಕ್ಕದೂರಿನ ಇಂಥದೊಂದು ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಉದ್ಘಾಟಕರಾದ ಜನಪ್ರತಿನಿಧಿ ಬರುವುದು ತಡವಾಯಿತೆಂದು ಎಂಬತ್ತು ದಾಟಿದ ಗಣಿತದ ಮಾಸ್ತರರನ್ನು ಹತ್ತು ಗಂಟೆಯಿಂದ ಒಂದೂವರೆಯವರೆಗೆ ವೇದಿಕೆಯ ಮೇಲೆ ಕೂರಿಸಿದ್ದರು. ಅವರು ಎರಡು ಸಲ ಏಳಲು ನೋಡಿದರು. ಎರಡು ಸಲವೂ ನಿರೂಪಕನು ಮೈಕಿನಲ್ಲಿಯೇ, “ಗುರುಗಳು ದಯಮಾಡಿ ಆಸೀನರಾಗಬೇಕು” ಎಂದು ವಿನಂತಿಸಿದನು. ಊಟಕ್ಕೆ ಗೋಧಿ ಹುಗ್ಗಿ ಚೆನ್ನಾಗಿತ್ತು. ಮರುದಿನದಿಂದ ಆ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಚಿತ್ರಗಳ ಹೊರತು ಬೇರೇನೂ ಬರಲಿಲ್ಲವೆಂದು ಅದರಲ್ಲಿರುವ ನನ್ನ ಸೋದರತ್ತೆಯ ಮಗನೇ ಹೇಳಿದ.

ಮುಂಬಯಿಗೆ ಬಾರದೇ ಇದ್ದಿದ್ದರೆ ಇದನ್ನೆಲ್ಲ ನಾನೂ ಸಹಜವೆಂದೇ ತಿಳಿದುಕೊಂಡಿರುತ್ತಿದ್ದೆನೇನೋ. ಇಲ್ಲಿ ಬೇರೆಯೇ ರೀತಿಯ ಒಂದು ಬ್ಯಾಚನ್ನು ಹತ್ತಿರದಿಂದ ನೋಡಿದ್ದೇನೆ. ನಾನಿರುವ ಮುಲುಂಡಿನ ಕಟ್ಟಡದ ಕೆಳಮಹಡಿಯಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದಾರೆ. ಕಟ್ಟಡಕ್ಕೆಲ್ಲ ಅವರು ಅಣ್ಣ. ಏಳನೆಯ ತರಗತಿ ಮುಗಿಸಿ, ಊರಿನವರೊಬ್ಬರ ಬೆನ್ನು ಹತ್ತಿ ಮುಂಬಯಿಗೆ ಬಂದು, ಲಾಲ್‌ಬಾಗಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, 1982ರ ಮಾರ್ಚಿನಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಮಹಾರಾಷ್ಟ್ರ ಮಂಡಳಿಯ ಹತ್ತನೆಯ ತರಗತಿಯ ಪರೀಕ್ಷೆ ಬರೆದವರು. ಈ ನಗರದ ಕನ್ನಡಿಗರಿಗೆ ಇಂಥ ಕಥೆ ಹೊಸತಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ಹಗಲು ದುಡಿದು ಬಂದ ಹುಡುಗರು ತಲೆಮಾರುಗಟ್ಟಲೆ ಅಕ್ಷರ ಕಲಿತರು. ಮುಂದೆ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಹೋಟೆಲ್ ಮಾಲೀಕರೂ ಆದರು. ಸಂಜೆ ಆರಕ್ಕೆ ಹುಡುಗನನ್ನು ಕೆಲಸದಿಂದ ಬಿಡುವ ಧಣಿ ಸಿಕ್ಕಿದರೆ ಓದು, ಇಲ್ಲವಾದರೆ ಇಲ್ಲ. ಪಾಠ ಹೇಳುತ್ತಿದ್ದ ಮಾಸ್ತರರೂ ಹಗಲು ಬೇರೆ ಶಾಲೆಯಲ್ಲೋ ಕಚೇರಿಯಲ್ಲೋ ದುಡಿದು ದಣಿದು ಬಂದವರೇ.

ಅಂಥ ಶಾಲೆಗೂ ವಾರ್ಷಿಕೋತ್ಸವವಿತ್ತು, ಭಾನುವಾರದ ಕ್ರೀಡಾಕೂಟವಿತ್ತು, ಕೈಬರಹದ ಪತ್ರಿಕೆಯಿತ್ತು. ವಾರ್ಷಿಕೋತ್ಸವದಲ್ಲಿ ಯಕ್ಷಗಾನ ಮಾಡಿದ್ದನ್ನು ಅಣ್ಣ ಇಂದಿಗೂ ವರ್ಣಿಸುತ್ತಾರೆ. ವೇಷಭೂಷಣ ಬಾಡಿಗೆಗೆ ತಂದದ್ದು, ದೋಸೆ ಹಾಕುವವನೊಬ್ಬ ಭೀಮನಾಗಿದ್ದು, ಮಧ್ಯರಾತ್ರಿ ಪ್ರಸಂಗ ಮುಗಿಸಿ ಬಣ್ಣ ಪೂರ್ತಿ ತೆಗೆಯಲಾಗದೆ ಬೆಳಿಗ್ಗೆ ಐದಕ್ಕೆ ಹೋಟೆಲಿನ ಬಾಗಿಲು ತೆಗೆದ ಅವನ ಕೆನ್ನೆಯ ಕೆಂಪು ನೋಡಿ ಗಿರಾಕಿಗಳು ಗಾಬರಿಯಾದದ್ದು. ಬೀಳ್ಕೊಡುಗೆ ಮಾತ್ರ ಅವಸರದಲ್ಲೇ ಮುಗಿಯಿತಂತೆ, ಮಾಸ್ತರರಿಗೆ ಡೊಂಬಿವಲಿಯ ಗಾಡಿ ತಪ್ಪಬಾರದಿತ್ತು.

ಆ ಬ್ಯಾಚು ನಿಜವಾಗಿ ಬ್ಯಾಚಾದದ್ದು ಪರೀಕ್ಷೆಯ ಹೊತ್ತಿನಲ್ಲಿ. ಆ ವರ್ಷದ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿತ್ತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದ ಮೇಲೆ ಗಿರಣಿಗಳ ಕ್ಯಾಂಟೀನುಗಳು ಮುಚ್ಚಿದವು, ಪರೇಲ್ ಮತ್ತು ಲಾಲ್‌ಬಾಗಿನ ಸಣ್ಣ ಹೋಟೆಲುಗಳಲ್ಲಿ ಗಿರಾಕಿಗಳಿಲ್ಲವಾದರು, ತರಗತಿಯ ಎಷ್ಟೋ ಹುಡುಗರು ಪರೀಕ್ಷೆಗೆ ಮೊದಲೇ ಕೆಲಸ ಕಳೆದುಕೊಂಡರು. ಕೆಲಸ ಹೋದರೆ ಮಲಗುವ ಜಾಗವೂ ಹೋಯಿತೆಂದೇ ಅರ್ಥ, ಏಕೆಂದರೆ ಅವರೆಲ್ಲ ಮಲಗುತ್ತಿದ್ದದ್ದು ಹೋಟೆಲಿನಲ್ಲಿಯೇ. ಕೆಲಸ ಉಳಿದವರು ತಲಾ ಐದು ರೂಪಾಯಿ ಹಾಕಿ, ಉಳಿಯದವರಿಗೆ ಒಂದು ಖೋಲಿ ಹಿಡಿದು, ಪರೀಕ್ಷೆ ಮುಗಿಯುವವರೆಗೆ ಅವರನ್ನು ಊರಿಗೆ ಹೋಗಗೊಡಲಿಲ್ಲ. ಮುಷ್ಕರ ಮುಂದೆ ಒಂದೂವರೆ ವರ್ಷ ಕಳೆದರೂ ಇತ್ಯರ್ಥವಾಗಲಿಲ್ಲ. ಐದು ರೂಪಾಯಿಯ ವಂತಿಗೆಯೂ ನಿಲ್ಲಲಿಲ್ಲ.

ಆ ಲೆಕ್ಕದ ಪುಸ್ತಕವನ್ನು ಅಣ್ಣ ನನಗೆ ತೋರಿಸಿದ್ದಾರೆ. ಕೆಂಪು ಬಟ್ಟೆಯ ರಟ್ಟಿನ, ಉದ್ದುದ್ದ ಹಾಳೆಗಳ, ದಿನಸಿ ಅಂಗಡಿಯಲ್ಲಿ ಇರುವಂಥ ಪುಸ್ತಕ. ಮೊದಲ ಪುಟದಲ್ಲಿ ತರಗತಿಯ ಹಾಜರಿ ಪಟ್ಟಿಯ ಕ್ರಮದಲ್ಲಿಯೇ ಹೆಸರುಗಳಿವೆ. ತೀರಿಕೊಂಡವರ ಹೆಸರನ್ನು ಹೊಡೆದು ಹಾಕದೆ, ಪಕ್ಕದಲ್ಲಿ ಇಸವಿಯನ್ನಷ್ಟೇ ಬರೆದಿದ್ದಾರೆ. ಒಳಗೆ ಖರ್ಚಿನ ಬಾಬುಗಳು: ತಂಗಿಯ ಮದುವೆಗೆ ಕೈಗಡ, ಕೆಇಎಂ ಆಸ್ಪತ್ರೆಗೆ ಟ್ಯಾಕ್ಸಿ, ಮಗಳ ಕಾಲೇಜು ಫೀಸು, ಶವ ಊರಿಗೆ ಒಯ್ಯಲು ಗಾಡಿ. 1998ರವರೆಗೂ ‘ಊರಿಗೆ ಬಸ್ಸು’ ಎಂಬ ಬಾಬು ಮತ್ತೆ ಮತ್ತೆ ಬರುತ್ತದೆ. ಆ ವರ್ಷ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಅದೇ ಅಕ್ಷರದಲ್ಲಿ ‘ಊರಿಗೆ ರೈಲು’ ಎಂದಾಗುತ್ತದೆ. ಅಧ್ಯಕ್ಷ, ಕಾರ್ಯದರ್ಶಿ ಎಂಬ ಶಬ್ದಗಳನ್ನು ನಾನು ಎಷ್ಟು ಹುಡುಕಿದರೂ ಆ ಪುಸ್ತಕದಲ್ಲಿ ಸಿಗಲಿಲ್ಲ.

ಅವರು ಸೇರುವುದು ತಿಂಗಳಿಗೊಮ್ಮೆ, ಅದೂ ಮಧ್ಯಾಹ್ನ ಮೂರೂವರೆಗೆ, ಊಟದ ಗದ್ದಲ ಇಳಿದು ಸಂಜೆಯ ತಿಂಡಿ ಇನ್ನೂ ಶುರುವಾಗದ ಹೊತ್ತಿನಲ್ಲಿ, ಯಾರಾದರೊಬ್ಬರ ಹೋಟೆಲಿನ ಒಳಕೋಣೆಯಲ್ಲಿ. ಕುಶಲ ಕೇಳುವುದಕ್ಕಿಂತ ಮೊದಲು ಲೆಕ್ಕ ಓದುತ್ತಾರೆ. ನಾನು ಹೋದ ದಿನ ಒಬ್ಬರು ಎದ್ದು ತಮ್ಮ ಮಗ ಕೊಟ್ಟ ಐದು ಸಾವಿರವನ್ನು ಮುಂದಿಟ್ಟಾಗ ಅಣ್ಣ ಅದನ್ನು ಹಿಂದಕ್ಕೆ ತಳ್ಳಿ, “ಮಗನದ್ದು ಬೇಡ ಮಾರಾಯ್ರೆ, ನಿಮ್ಮದು ಎಷ್ಟುಂಟೋ ಅಷ್ಟು ಕೊಡಿ” ಎಂದರು. ಅವರು ತಮ್ಮದಾಗಿ ಇನ್ನೂರು ಕೊಟ್ಟು ಕೂತರು. ಹೆಚ್ಚು ಕೊಟ್ಟವನು ಹೆಚ್ಚಿನವನಾಗಬಾರದೆಂಬ ಈ ಎಚ್ಚರ ನಮ್ಮೂರಿನ ಆಮಂತ್ರಣ ಪತ್ರಿಕೆಯಲ್ಲಿ ಕಾಣಲಿಲ್ಲ ಎಂದು ಹೇಳಿದರೆ ಅದು ಹೊಟ್ಟೆಕಿಚ್ಚಿನ ಮಾತೆಂದು ಯಾರೂ ತಿಳಿಯಬಾರದು.

ಗುರುಗಳ ವಿಷಯಕ್ಕೆ ಬಂದರಂತೂ ನನಗೆ ಅಸಮಾಧಾನ ಇನ್ನೂ ಹೆಚ್ಚು. ಆ ಬ್ಯಾಚಿಗೆ ಇಂಗ್ಲಿಷ್ ಕಲಿಸಿದ ಮಾಸ್ತರರು ಡೊಂಬಿವಲಿಯಲ್ಲಿ ಹಾಸಿಗೆ ಹಿಡಿದಾಗ, ಮಗ ವಿದೇಶದಿಂದ ಬರುವವರೆಗೂ ಹಳೆಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ರಾತ್ರಿ ಅವರ ಬಳಿ ಕುಳಿತಿದ್ದರು. ಅವರಿಗೆ ಬದುಕಿನುದ್ದಕ್ಕೂ ಒಂದು ಶಾಲನ್ನೂ ಹೊದಿಸಿರಲಿಲ್ಲ. ನಮ್ಮೂರಿನಲ್ಲಿ ಶಾಲುಗಳನ್ನು ಇಡಲು ಕಪಾಟು ಸಾಲದ ಮಾಸ್ತರರಿದ್ದಾರೆ. ಅವರ ಔಷಧಿ ತಂದುಕೊಡುವವರು ಯಾರೆಂದು ಗುರುವಂದನಾ ಸಮಿತಿಯವರನ್ನು ಕೇಳಿ ನೋಡಬೇಕು. ಶಾಲು ಹೊದಿಸುವುದಕ್ಕೆ ಒಂದು ದಿನ ಸಾಕಾಗುತ್ತದೆ, ಜೊತೆಗೆ ಫೋಟೊ ಬರುತ್ತದೆ. ಔಷಧಿ ತರುವುದಕ್ಕೆ ಹಾಗಲ್ಲ.

ಇದನ್ನೆಲ್ಲ ಹೀಗೆ ಖಡಾಖಂಡಿತವಾಗಿ ಒಂದು ಸಂಜೆ ಅಣ್ಣನ ಮುಂದೆಯೇ ಹೇಳಿದೆ. ಅವರು ತಲೆದೂಗುತ್ತಾರೆಂದು ಎಣಿಸಿದ್ದೆ. “ನಿಮ್ಮ ಶಾಲೆ ಇನ್ನೂ ಉಂಟಲ್ಲ?” ಎಂದು ಕೇಳಿದರು.

ಇದೆ. ಮುನ್ನೂರರ ಸುಮಾರು ಮಕ್ಕಳಿದ್ದಾರೆ. ನಮಗಿಂತ ಐದು ವರ್ಷ ಹಿರಿಯರಾದ ಬ್ಯಾಚಿನವರು, ಅದೇ ಟ್ರ್ಯಾಕ್ಟರು ಮತ್ತು ಅದೇ ಡೊಳ್ಳಿನ ಗುರುವಂದನೆಯಲ್ಲಿ ಉಳಿದ ದುಡ್ಡಿನಿಂದ, ಕುಡಿಯುವ ನೀರಿನ ಘಟಕ ಹಾಕಿಸಿದ್ದಾರೆ. ಅದು ಕೆಟ್ಟಾಗ ರಿಪೇರಿಯನ್ನೂ ಮಾಡಿಸುತ್ತಾರೆ. ಅವರ ನಂತರದವರು ಡೆಸ್ಕುಗಳನ್ನು ಕೊಟ್ಟರು. ಹಿಂದಿನವರು ಕೊಟ್ಟದ್ದಕ್ಕಿಂತ ಕಡಿಮೆಯಾಗಬಾರದೆಂಬ ಪೈಪೋಟಿಯೇ ಇದಕ್ಕೆಲ್ಲ ಕಾರಣ ಎನ್ನಬಹುದು, ಆದರೆ ನೀರು ಕುಡಿಯುವ ಮಕ್ಕಳಿಗೆ ಅದರಿಂದ ಬಾಧೆಯೇನೂ ಇಲ್ಲ. ಅಣ್ಣನ ರಾತ್ರಿ ಶಾಲೆ ಮುಚ್ಚಿ ಬಹಳ ಕಾಲವಾಯಿತು. ಊರಿನಿಂದ ಹುಡುಗರು ಬರುವುದು ನಿಂತಿತು, ಅವರ ಜಾಗಕ್ಕೆ ಉತ್ತರಪ್ರದೇಶ, ಬಿಹಾರ, ನೇಪಾಳದವರು ಬಂದರು. 2006ರಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು ಕಾನೂನಿಗೆ ವಿರುದ್ಧವಾಯಿತು, ಆಗಬೇಕಾದದ್ದೇ. ಇಲ್ಲೇ ಹುಟ್ಟಿದ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು, ಅಣ್ಣನ ಮಕ್ಕಳೂ. ಕೆಂಪು ರಟ್ಟಿನ ಪುಸ್ತಕವನ್ನು ಕೊಡುವುದಕ್ಕೆ ಅವರ ನಂತರದ ಬ್ಯಾಚೇ ಇಲ್ಲ.

ಅವರು ಹಾಗೆ ಅಂಟಿಕೊಂಡದ್ದು ಬೇರೆ ಯಾರೂ ಇರಲಿಲ್ಲವೆಂಬ ಕಾರಣಕ್ಕೆ ಎಂಬುದನ್ನೂ ಒಪ್ಪಬೇಕಾಗುತ್ತದೆ. ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನವನೊಬ್ಬ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಗುಂಪಿನಲ್ಲಿ ಕೈಮುಗಿದ ಚಿತ್ರಗಳಷ್ಟೇ ಬಂದವೆಂದು ನನಗೆ ಸಿಟ್ಟು ಬಂದಿತ್ತು. ಆಸ್ಪತ್ರೆಯ ಅಂಗಳದಲ್ಲಿ ಅವನ ಅಣ್ಣತಮ್ಮಂದಿರು, ಬೀಗರು, ಓಣಿಯವರು ನಿಲ್ಲಲು ಜಾಗವಿಲ್ಲದಷ್ಟು ಸೇರಿದ್ದರೆಂದು ಆಮೇಲೆ ತಿಳಿಯಿತು. ನಾವು ಹೋಗಿದ್ದರೂ ಗೇಟಿನ ಹೊರಗೆ ಚಹಾ ಕುಡಿದು ಬರುತ್ತಿದ್ದೆವು.

ಮತ್ತೊಂದು ಮಾತನ್ನು ಬರೆಯಲು ನನಗೆ ಅಷ್ಟೇನೂ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಅಣ್ಣನ ಪುಸ್ತಕದ ಮೊದಲ ಪುಟದಲ್ಲಿ ಒಂದೇ ಒಂದು ಹೆಣ್ಣಿನ ಹೆಸರಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಹೋಟೆಲಿನಲ್ಲಿ ದುಡಿದು ರಾತ್ರಿ ಹತ್ತಕ್ಕೆ ಶಾಲೆ ಬಿಡುವ ಬದುಕು ಅದು. ನಮ್ಮ ತರಗತಿಯಲ್ಲಿ ಅರ್ಧದಷ್ಟು ಹುಡುಗಿಯರಿದ್ದರು. ಪರೀಕ್ಷೆ ಮುಗಿದ ವರ್ಷವೇ ಕೆಲವರ ಮದುವೆಯಾಯಿತು. ಅಡ್ಡಹೆಸರು ಬದಲಾಗಿ, ಊರು ಬದಲಾಗಿ, ಅವರು ಎಲ್ಲಿದ್ದಾರೆಂಬುದೇ ನಮಗೆ ಗೊತ್ತಿರಲಿಲ್ಲ. ಅವರನ್ನು ಒಬ್ಬೊಬ್ಬರನ್ನಾಗಿ, ಅವರ ಅಣ್ಣಂದಿರ ಅಂಗಡಿಗೆ ಹೋಗಿ ವಿಚಾರಿಸಿ ಹುಡುಕಿ ತೆಗೆದವನು, ನನ್ನನ್ನು ದಾನಿಗಳ ಪಟ್ಟಿಗೆ ಹಾಕಿದ ಅದೇ ಗೆಳೆಯ. ಹುಡುಕಿದ್ದೇಕೆ ಎಂದರೆ ಗುರುವಂದನೆಗೆ. ಅಂಥದೊಂದು ದೊಡ್ಡ ನೆಪವಿಲ್ಲದೆ ಯಾವ ಮನೆಯವರೂ ಸೊಸೆಯನ್ನು ಹಳೆಯ ಸಹಪಾಠಿಗಳ ಕೂಟಕ್ಕೆಂದು ಕಳಿಸುವುದಿಲ್ಲ. ಮೂರೂವರೆ ಗಂಟೆಗೆ ಹೋಟೆಲಿನ ಒಳಕೋಣೆಯಲ್ಲಿ ಲೆಕ್ಕ ಓದುತ್ತೇವೆಂದರೆ ಕಳಿಸುತ್ತಿರಲಿಲ್ಲ. ಮೆರವಣಿಗೆ, ಗುರುಗಳು, ಅಚ್ಚಾದ ಪತ್ರಿಕೆಯಲ್ಲಿ ಹೆಸರು ಎಂದರೆ ಗಂಡನೇ ಕರೆದುಕೊಂಡು ಬರುತ್ತಾನೆ.

ಈಗ ಗುಂಪಿನಲ್ಲಿ ಹೆಚ್ಚು ಮಾತನಾಡುತ್ತಿರುವವರು ಅವರೇ. ಕಾರ್ಯಕ್ರಮವನ್ನು ಪಂಚಮಿಯ ವಾರದಲ್ಲಿಯೇ ಇಡಬೇಕು, ಹೇಗಿದ್ದರೂ ತವರಿಗೆ ಬಂದಿರುತ್ತೇವೆ, ಮತ್ತೊಂದು ಸಲ ಮನೆಯಲ್ಲಿ ಕೇಳಲು ಆಗುವುದಿಲ್ಲ ಎಂದು ಪಟ್ಟು ಹಿಡಿದಿದ್ದಾರೆ. ಪಂಚಮಿಯೆಂದರೆ ಮಳೆಗಾಲ. ಶಾಲೆಯ ಮೈದಾನದ ಕರಿಮಣ್ಣಿನಲ್ಲಿ ಪೆಂಡಾಲಿನ ಗೂಟ ನಿಲ್ಲುತ್ತದೆಯೇ, ಟ್ರ್ಯಾಕ್ಟರ್ ಹೂತುಕೊಂಡರೆ ಗುರುಗಳನ್ನು ಇಳಿಸುವುದು ಹೇಗೆ ಎಂದು ಗಂಡಸರು ಮೂರು ದಿನದಿಂದ ಚರ್ಚಿಸುತ್ತಿದ್ದಾರೆ.